ಗೇಟಿನ ಹೊರಗಿನ ನಿಮಿಷಗಳು

ನನ್ನ ಕೈಯ ಲೇಸರ್ ಪಾಯಿಂಟರಿನ ಕೆಂಪು ಚುಕ್ಕೆ ಅಲೆಯುತ್ತಿದೆ, ಪರದೆಯ ಮೇಲಿನ ಮೂವತ್ತೆಂಟು ಎಂಬ ಅಂಕಿಯ ಸುತ್ತ, ಒಮ್ಮೆ ಮೂರರ ಹೊಟ್ಟೆಯೊಳಗೆ, ಒಮ್ಮೆ ಎಂಟರ ಸೊಂಟದ ಮೇಲೆ, ನಾಲ್ಕನೇ ಸ್ಲೈಡ್, ಇನ್ನೂ ಎಂಟು ಬಾಕಿ, ಮೇಜಿನಾಚೆ ಮೂವರು — ಎಡಕ್ಕೆ ನನ್ನ ಗೈಡ್ ಮೇಡಂ, ನಡುವೆ ಬೇರೆ ಕಾಲೇಜಿನಿಂದ ಬಂದ ವಯಸ್ಸಾದ ಪರೀಕ್ಷಕರು, ಬಲಕ್ಕೆ ನಮ್ಮ ಕಾರ್ಖಾನೆಯ ಮ್ಯಾನೇಜರ್, ಉದ್ಯಮದ ಪ್ರತಿನಿಧಿಯಂತೆ, ಇಸ್ತ್ರಿ ಮಾಡಿದ ನಗು ತೊಟ್ಟು ಕೂತಿದ್ದಾರೆ. ತೊಂಬತ್ನಾಲ್ಕು ನಿಮಿಷ ಇದ್ದದ್ದು ಮೂವತ್ತೆಂಟಕ್ಕೆ ಇಳಿದಿದೆ ಎಂದು ನನ್ನ ಬಾಯಿ ಹೇಳುತ್ತಿದೆ, ಲಾರಿ ಗೇಟಿನೊಳಗೆ ಬಂದು ಸರಕು ತುಂಬಿಸಿಕೊಂಡು ಮತ್ತೆ ಗೇಟು ದಾಟುವವರೆಗಿನ ಸರಾಸರಿ ಸಮಯ, ಬಾಯಿ ಬಲು ವಿಧೇಯ, ಎರಡು ವರ್ಷದ ಭಾನುವಾರಗಳನ್ನೆಲ್ಲ ನುಂಗಿ ಈ ಒಂದು ವಾಕ್ಯ ಕಲಿತಿದೆ. ಒಂದು ಇಂಜಿನಿಯರಿಂಗ್ ಡಿಗ್ರಿ ಗೋಡೆ ಮೇಲೆ ಇದ್ಯಲ್ಲ, ಇನ್ನೊಂದಕ್ಕೂ ಮೊಳೆ ಹೊಡೀಬೇಕಾ ಮಹಾರಾಯ್ತಿ ಎಂದಿದ್ದ ಗಂಡ, ಲಾಜಿಸ್ಟಿಕ್ಸ್ ಅಂದ್ರೆ ಲಾರಿ ಕಳ್ಸೋದು ತಾನೇ, ಅದನ್ನ ನೀನು ದಿನಾ ಮಾಡ್ತೀಯ, ಅದಕ್ಕೂ ಪರೀಕ್ಷೇನಾ, ಒಳಗಿನಿಂದ ಅತ್ತೆ, ಅವಳು ಓದ್ಲಿ ಬಿಡೋ, ಭಾನುವಾರ ನೀನು ನಾಲ್ಕು ಪಾತ್ರೆ ತೊಳೆದ್ರೆ ಕೈಯೇನೂ ಸವೆಯಲ್ಲ, ಹಾಗೆ ಅವನು ಪಾತ್ರೆ ತೊಳೆದ, ಮಗಳ ಜಡೆ ಹೆಣೆಯಲು ಕಲಿತ, ಸೊಟ್ಟ ಜಡೆ, ಮಗಳು ಎರಡು ವರ್ಷ ಸೊಟ್ಟ ಜಡೆಯಲ್ಲೇ ಭಾನುವಾರ ಕಳೆದಳು, ಯಾತಕ್ಕೆ, ಈ ಮೂವತ್ತೆಂಟಕ್ಕೆ.

ಮೂವತ್ತೆಂಟು ಬರಲು ಸಾಧ್ಯವೇ ಇರಲಿಲ್ಲ, ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಕೇಳಲಿಲ್ಲ. ನನ್ನ ಲೆಕ್ಕದ ಪ್ರಕಾರ ಅರುವತ್ತಕ್ಕೆ ಇಳಿಯಬೇಕಿತ್ತು — ಲಾರಿಗಳಿಗೆ ಮೊದಲೇ ವೇಳೆ ಕೊಡುವುದು, ಭಾರದ ಪೆಟ್ಟಿಗೆಗಳನ್ನು ಬಾಗಿಲ ಹತ್ತಿರದ ಕಟ್ಟೆಗೆ ತರುವುದು, ಸರಕು ತುಂಬುವಾಗಲೇ ಕಾಗದಪತ್ರ ಸಿದ್ಧವಾಗುವುದು, ಇಷ್ಟೆಲ್ಲ ಮಾಡಿದರೆ ಅರುವತ್ತು, ಐವತ್ತೆಂಟು, ಅದಕ್ಕಿಂತ ಕೆಳಗಿಲ್ಲ, ಹನ್ನೆರಡು ದಿನ ಅಂಗಳದಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತು ಅಳೆದವಳು ನಾನು. ಆಮೇಲೆ ಥೀಸಿಸ್ ಬರೆಯಲು ಎರಡು ತಿಂಗಳು ರಜೆ ಹಾಕಿದೆ, ಮನೆಯ ಕಿಟಕಿ ಪಕ್ಕದ ಮೇಜು, ಬಾಗಿಲು ಮುಚ್ಚಿದ ಮಧ್ಯಾಹ್ನಗಳ ಮೌನ, ಆ ಮೌನ ಎಷ್ಟು ಹಿತವಾಗಿತ್ತೆಂದರೆ ಕಾರ್ಖಾನೆಗೆ ಒಂದು ಸಲವೂ ಹೋಗಲಿಲ್ಲ, ಮ್ಯಾನೇಜರ್ ಮೇಲ್ ಕಳಿಸಿದರು, ಅಭಿನಂದನೆ, ನಿಮ್ಮ ಸ್ಕೀಮ್ ಜಾರಿ ಮಾಡಿದ್ವಿ, ಸರಾಸರಿ ಮೂವತ್ತೆಂಟು, ಮುಂದಿನ ತಿಂಗಳು ಇನ್ನೂ ನಾಲ್ಕು ಕಾರ್ಖಾನೆಗೂ ಇದನ್ನೇ ತರ್ತೀವಿ, ಡಿಗ್ರಿ ಬರ್ಲಿ, ಡಿಸ್ಪ್ಯಾಚ್ ವಿಭಾಗದ ಮುಖ್ಯಸ್ಥೆ ನೀವೇ. ಎಂತಹ ಚೆಂದದ ಅಂಕಿ. ಯಂತ್ರವೊಂದು ಲೆಕ್ಕಕ್ಕಿಂತ ಹೆಚ್ಚು ಚೆನ್ನಾಗಿ ಓಡಿದರೆ ಇಂಜಿನಿಯರ್ ಆದವಳು ಮೊದಲು ಮೀಟರನ್ನು ಅನುಮಾನಿಸಬೇಕು, ಮೊದಲ ವರ್ಷದ ಹುಡುಗರಿಗೂ ಗೊತ್ತಿರುವ ಮಾತು, ನಾನು ಮೀಟರಿಗೆ ಕೈಮುಗಿದೆ, ಮೂವತ್ತೆಂಟನ್ನು ದಪ್ಪಕ್ಷರದಲ್ಲಿ ಹಾಕಿದೆ.

ಗೈಡ್ ಮೇಡಂ ತಲೆಯಾಡಿಸುತ್ತಿದ್ದಾರೆ, ಮುಂದಿನ ಸ್ಲೈಡಿಗೆ ಹೋಗಿ ಎಂದು, ಹೋಗುತ್ತೇನೆ, ಐದನೆಯದು, ಅಂಗಳದ ನಕ್ಷೆ, ಗೇಟಿನ ಮೇಲೆ ಹಾದುಹೋಗುವ ಚುಕ್ಕೆಗೆರೆ, ವ್ಯವಸ್ಥೆಯ ಗಡಿ. ಎಳೆದದ್ದು ನಾನೇ, ಇವರ ಸಲಹೆಯಂತೆ, ಎಲ್ಲವನ್ನೂ ಅಳೆಯೋಕಾಗಲ್ಲಮ್ಮ, ಎಲ್ಲೋ ಒಂದು ಕಡೆ ಗೆರೆ ಎಳೀಬೇಕು. ಮೊದಲ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದವರೂ ಇವರೇ, ಕಾಯುವುದೆಂದರೆ ವ್ಯರ್ಥ, ರಾತ್ರಿಪಾಳಿಯ ನಿದ್ದೆ ಕಣ್ಣಲ್ಲೇ ಇಟ್ಟುಕೊಂಡು ಬಂದ ನಲವತ್ತು ಜನ ಇಂಜಿನಿಯರುಗಳು ಅದನ್ನು ನಕಲು ಮಾಡಿಕೊಂಡೆವು, ನಾನು ಕೆಳಗೆ ಎರಡು ಗೆರೆ ಹಾಕಿದೆ, ಕಾಯುವುದೆಂದರೆ ಏನೆಂದು ನನಗೆ ಬೇರೆಯವರು ಹೇಳಬೇಕಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ಮೂರು ವರ್ಷ ಆ ಅಂಗಳದಲ್ಲಿ ಹೆಂಗಸರಿಗೆ ಶೌಚಾಲಯ ಇರಲಿಲ್ಲ, ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ನೀರು ಮುಟ್ಟುತ್ತಿರಲಿಲ್ಲ, ಮೂರು ಗಂಟೆಯ ಮೇಲೆ ಪ್ರತಿ ಹೆಜ್ಜೆ ಎಣಿಸಿ ಇಡುತ್ತಿದ್ದೆ, ಒಬ್ಬರಿಗೋಸ್ಕರ ಕಟ್ಟೋಕಾಗುತ್ತೇನ್ರೀ ಎಂದಿದ್ದರು ಆಗಿನ ಸಾಹೇಬರು, ಕೊನೆಗೆ ಕಟ್ಟಿಸಿಕೊಂಡೆ, ಹತ್ತು ಅರ್ಜಿ ಬರೆದು, ಹಲ್ಲು ಕಚ್ಚಿ. ಮರೆತೆನಲ್ಲ. ಕಟ್ಟಿಸಿಕೊಂಡವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಇವತ್ತು ಬೆಳಗ್ಗೆ ಫೋಟೋಗೆಂದು ಕಾರ್ಖಾನೆಗೆ ಹೋಗಿರದಿದ್ದರೆ — ಕೊನೇ ಸ್ಲೈಡಲ್ಲಿ ಅಂಗಳದ್ದೊಂದು ಫೋಟೋ ಹಾಕಿ, ಜೀವ ಬರುತ್ತೆ ಎಂದಿದ್ದರು ಮೇಡಂ. ನಾವು ನೌಕರರು ಯಾವಾಗಲೂ ಮುಂದಿನ ಬಾಗಿಲಿಂದ ಒಳಹೋಗುವವರು, ಲಾರಿಗಳ ಗೇಟು ಹಿಂದಿನ ರಸ್ತೆಗೆ, ಎಂಟೂವರೆಗೆ ಆ ಕಡೆ ತಿರುಗಿದರೆ ರಸ್ತೆಯುದ್ದಕ್ಕೂ ಲಾರಿ, ಒಂದರ ಬಾಲಕ್ಕೆ ಇನ್ನೊಂದರ ಮೂತಿ, ಎಣಿಸುತ್ತ ನಡೆದೆ, ಮೂವತ್ತೊಂದು. ಇದೇನಪ್ಪಾ ಎಂದು ಕಾವಲುಗಾರನನ್ನು ಕೇಳಿದರೆ ಅವನಿಗೇ ಆಶ್ಚರ್ಯ, ಎರಡು ತಿಂಗಳಿಂದ ಹಿಂಗೇ ಅಲ್ವಾ ಮೇಡಂ, ಒಳಗೆ ಒಂದು ಸಲಕ್ಕೆ ಆರೇ ಗಾಡಿ ಇರ್ಬೇಕು, ಒಂದು ಹೊರಗೆ ಬಂದ್ರೆ ಒಂದು ಒಳಗೆ, ಒಳಗೆ ಬಿಟ್ಟಾಗ್ಲೇ ಚೀಟಿಗೆ ಟೈಮ್ ಹೊಡೀಬೇಕು, ಸಾಹೇಬ್ರ ಆರ್ಡರ್, ನಿಮ್ಮ ಸ್ಕೀಮೇ ಅಂದ್ರಲ್ಲ. ನನ್ನ ಸ್ಕೀಮೇ! ನಾನು ಕೊಟ್ಟ ವೇಳಾಪಟ್ಟಿಯನ್ನು ಯಾರೂ ಬಿಚ್ಚಿಯೂ ನೋಡಿಲ್ಲ, ಕಟ್ಟೆ ಬದಲಾಗಿಲ್ಲ, ಪೆಟ್ಟಿಗೆ ಕದಲಿಲ್ಲ, ಕಾಯುವುದನ್ನು ಕಡಿಮೆ ಮಾಡಲಿಲ್ಲ ಇವರು, ಗುಡಿಸಿ ಗೇಟಿನಾಚೆ ಹಾಕಿದರು, ಗಡಿಯಾರ ಇಲ್ಲದ ಕಡೆಗೆ, ನಾನು ಎಳೆದ ಗೆರೆಯ ಆಚೆಗೆ. ಚಾಲಕರ ಕೋಣೆ, ನಲ್ಲಿ, ಎರಡು ಶೌಚಾಲಯ, ಎಲ್ಲವೂ ಗೇಟಿನೊಳಗೆ, ಖಾಲಿ, ಬೀಗ. ಎಷ್ಟು ಹೊತ್ತು ನಿಲ್ತಾರೆ ಎಂದೆ. ಅದು ಅವರವರ ಅದೃಷ್ಟ, ನಮ್ಮ ರೇಡಿಯೋ ನಿನ್ನೆ ಮಧ್ಯಾಹ್ನದಿಂದ ಇದಾರೆ ನೋಡಿ, ಹತ್ತೊಂಬತ್ತು ಗಂಟೆ ಆಯ್ತು.

ರೇಡಿಯೋ. ಅರುವತ್ತು ದಾಟಿದ ಚಾಲಕ, ಬಾಯಿ ಮುಚ್ಚಿದ್ದನ್ನು ಯಾರೂ ಕಂಡವರಿಲ್ಲವೆಂದು ಅಂಗಳದವರಿಟ್ಟ ಹೆಸರು. ನಾನು ಅಳತೆಗೆ ನಿಂತ ಹನ್ನೆರಡು ದಿನವೂ ಪಕ್ಕದಲ್ಲಿ ನಿಂತು ಪ್ರಸಾರ, ಏನ್ ತಾಯಿ, ನನ್ನ ಮಾತೂ ಅಳೀತೀರಾ, ಅಳೆದ್ರೆ ಬ್ಯಾಟರಿ ಹೋಗುತ್ತೆ ಹುಷಾರು, ಮಾತಿನ ಮನುಷ್ಯರನ್ನು ಕಂಡರೆ ಮಾರು ದೂರ ಹೋಗುವ ನಾನು ಅವರಿಂದ ಮಾತ್ರ ದೂರ ಹೋಗಲಿಲ್ಲ. ಕೊನೆಯ ದಿನ ಕೇಳಿದ್ದರು, ಇದೆಲ್ಲ ಬರ್ಕೊಂಡ್ರಲ್ಲ, ನಮಗೇನಾದ್ರೂ ಉಪಯೋಗ ಆಗುತ್ತಾ ತಾಯಿ, ಆಗುತ್ತೆ, ಬೇಗ ಮನೆಗೆ ಹೋಗ್ತೀರಿ ಎಂದೆ, ಮಾತು ಕೊಟ್ಟ ಹಾಗೆ ಹೇಳಿದೆ. ಈ ಬೆಳಗ್ಗೆ ಸಾಲಿನ ಫೋಟೋ ತೆಗೆಯೋಣವೆಂದು ಮೊಬೈಲ್ ಎತ್ತಿ ಎರಡು ಲಾರಿಗಳ ನಡುವೆ ಹೆಜ್ಜೆ ಇಟ್ಟೆ, ಅಲ್ಲಿ ಅವರು, ಬೆನ್ನು ಈ ಕಡೆ, ಚಕ್ರಕ್ಕೆ ಒತ್ತಿಕೊಂಡು ನಿಂತಿದ್ದಾರೆ, ಎಡಗೈ ಟೈರಿನ ಮೇಲೆ, ತಡೆದು ತಡೆದು ಕೊನೆಗೆ ತಡೆಯಲಾರದೆ ನಿಂತದ್ದು, ಆ ನಿಲುವು ನನಗೆ ಗೊತ್ತು, ನನ್ನ ಮೈಗೇ ಗೊತ್ತು, ಪ್ಯಾಂಟು ಆಗಲೇ ಮಂಡಿಯವರೆಗೆ ಒದ್ದೆ. ಹೆಜ್ಜೆ ಸಪ್ಪಳಕ್ಕೆ ಕತ್ತು ತಿರುಗಿಸಿದರು, ನನ್ನನ್ನು ನೋಡಲಿಲ್ಲ, ನನ್ನ ಕೈಯಲ್ಲಿ ಎತ್ತಿ ಹಿಡಿದ ಮೊಬೈಲ್ ನೋಡಿದರು, ಬಲಗೈ ಎತ್ತಿ ಮುಖ ಮುಚ್ಚಿಕೊಂಡರು. ಒಂದು ಮಾತಿಲ್ಲ. ಆ ಬಾಯಿಂದ ಒಂದು ಮಾತಿಲ್ಲ. ಮೌನವನ್ನು ಇಷ್ಟು ವರ್ಷ ಹುಡುಕಿಕೊಂಡು ಹೋದವಳು ನಾನು, ಇಂಥದೊಂದು ಇದೆಯೆಂದು ಗೊತ್ತಿರಲಿಲ್ಲ, ಹಿಂದೆ ಸರಿದೆ, ಫೋಟೋ ತೆಗೆಯಲಿಲ್ಲ, ತೆಗೆದಿಲ್ಲವೆಂದು ಅವರಿಗೆ ಹೇಳಲೂ ಇಲ್ಲ, ಅವರು ಇನ್ನೂ ಅಂದುಕೊಂಡೇ ಇರುತ್ತಾರೆ, ಇದೂ ಬರ್ಕೊಂಡ್ರು ಅಂತ.

ಕಾಲೇಜಿನ ಮೆಟ್ಟಿಲಲ್ಲಿ ಗೈಡ್ ಮೇಡಂಗೆ ಹೇಳಿದೆ, ಪೂರ್ತಿ ಹೇಳಿದೆ, ಅವರು ನನ್ನ ಭುಜದ ಮೇಲೆ ಕೈಯಿಟ್ಟು, ನಿಮ್ಮ ಗಡಿ ಗೇಟಿನ ತನಕ ಅಂತ ನೀವೇ ಬರೆದಿದ್ದೀರಲ್ಲ, ಹೊರಗಿನದು ಇನ್ನೊಬ್ಬರ ಥೀಸಿಸ್, ಈಗ ಬಾಯಿ ಬಿಟ್ರೆ ಇನ್ನೆರಡು ವರ್ಷ ಹೋಗುತ್ತೆ, ಸುಮ್ನೆ ಓದಿ ಮುಗಿಸಿ ಎಂದರು. ಇನ್ನೊಬ್ಬರ ಥೀಸಿಸ್! ಹತ್ತೊಂಬತ್ತು ಗಂಟೆ ನಿಂತ ಕಾಲು ಇನ್ನೊಬ್ಬರ ಥೀಸಿಸ್, ಬೀಗ ಹಾಕಿದ ನಲ್ಲಿ ಇನ್ನೊಬ್ಬರ ಥೀಸಿಸ್, ಮುಖದ ಮೇಲಿನ ಆ ಕೈ, ಮುಂದಿನ ತಿಂಗಳು ಇನ್ನೂ ನಾಲ್ಕು ರಸ್ತೆಗಳಲ್ಲಿ ಅಂಥವೇ ಕೈಗಳು, ಅದೂ ಇನ್ನೊಬ್ಬರದೇ. ಹತ್ತನೇ ಸ್ಲೈಡ್, ಹನ್ನೊಂದು, ನನ್ನ ಬಾಯಿ ಇನ್ನೂ ಓದುತ್ತಲೇ ಇದೆ, ನಾಚಿಕೆಗೆಟ್ಟ ಬಾಯಿ, ಹನ್ನೆರಡು, ವಂದನೆಗಳು. ಮ್ಯಾನೇಜರ್ ಮೊದಲು ಚಪ್ಪಾಳೆ ತಟ್ಟುತ್ತಾರೆ. ನಡುವಿನ ಪರೀಕ್ಷಕರು ಕನ್ನಡಕ ಒರೆಸಿಕೊಂಡು, ಚೆನ್ನಾಗಿದೆಯಮ್ಮ, ಒಂದು ಸಣ್ಣ ಪ್ರಶ್ನೆ, ನಿಮ್ಮ ಗಡಿಯಾರ ಎಲ್ಲಿಂದ ಶುರುವಾಗುತ್ತೆ. ಗೇಟಿಂದ ಸರ್, ಎನ್ನುತ್ತಾರೆ ಮ್ಯಾನೇಜರ್. ನಾನು ಅವರನ್ನ ಕೇಳಿದ್ದು, ಪರೀಕ್ಷಕರು ನನ್ನ ಕಡೆ ಕೈ ತೋರಿಸುತ್ತಾರೆ. ಮೇಡಂ ಪೆನ್ನಿನ ಮುಚ್ಚಳ ಹಾಕುತ್ತಾರೆ, ತೆಗೆಯುತ್ತಾರೆ. ಪಾತ್ರೆ ತೊಳೆಯುವ ಗಂಡ, ಸೊಟ್ಟ ಜಡೆ, ಇನ್ನೆರಡು ವರ್ಷ, ಒಂದು ಶಬ್ದ ಹೇಳಿದರೆ ಸಾಕು, ಗೇಟಿಂದ — ರಸ್ತೆಯಿಂದ ಶುರುವಾಗಬೇಕಿತ್ತು ಸರ್, ಎನ್ನುತ್ತೇನೆ, ಈ ಮೂವತ್ತೆಂಟು ಸುಳ್ಳು, ಮೂವತ್ತೊಂದು ಗಾಡಿ ಹೊರಗೆ ನಿಂತಿವೆ, ಇವತ್ತು ಬೆಳಗ್ಗೆ ನೋಡಿದೆ, ಇದನ್ನ ಬೇರೆ ಕಾರ್ಖಾನೆಗೆ ಒಯ್ಯಬಾರದು, ಇದನ್ನ ನೀವು ಪಾಸ್ ಮಾಡಬಾರದು. ಕುರ್ಚಿಯೊಂದು ಕಿರ್ ಎನ್ನುತ್ತದೆ, ಏನ್ರೀ ಇದು, ತಲೆ ನೆಟ್ಟಗಿದ್ಯಾ, ಮ್ಯಾನೇಜರ್ ಎದ್ದು ನಿಂತಿದ್ದಾರೆ, ನಗು ಇನ್ನೂ ಮುಖದಲ್ಲೇ ಸಿಕ್ಕಿಕೊಂಡಿದೆ, ಎರಡು ತಿಂಗಳು ಮನೇಲಿ ಕೂತಿದ್ರಿ, ನಿಮ್ಮ ಹತ್ರ ಆಧಾರ ಏನಿದೆ. ಪರೀಕ್ಷಕರು ಅವರನ್ನು ಕೈಸನ್ನೆಯಿಂದ ಕೂರಿಸಿ ನನ್ನ ಕಡೆ ವಾಲುತ್ತಾರೆ, ಹೇಳಿ ತಾಯಿ, ಏನು ನೋಡಿದಿರಿ, ಅಷ್ಟನ್ನೇ ಹೇಳಿ, ತಾಯಿ ಎನ್ನುತ್ತಾರೆ ಇವರೂ, ಹೇಳಬೇಕು, ಏನು ನೋಡಿದೆನೆಂದು ಹೇಳಬೇಕು, ಸಾಲು, ಬೀಗ, ಎರಡು ಲಾರಿಗಳ ನಡುವೆ, ಬೆನ್ನು, ಟೈರಿನ ಮೇಲೊಂದು ಕೈ, ಮತ್ತೆ ಇನ್ನೊಂದು — ಹೇಳಿದರೆ ಆ ಕೈಯನ್ನು ನಾನೇ ಎಳೆದು ತೆಗೆದ ಹಾಗೆ, ಹೇಳದಿದ್ದರೆ ಅದು ಅಲ್ಲೇ, ಬೆರಳುಗಳ ಸಂದಿಯೂ ಇಲ್ಲದ ಹಾಗೆ ಒತ್ತಿ ಹಿಡಿದ ಕೈ, ಮುಖದ ಮೇಲೆ, ಕೈ —