ಬೇವಿನೆಲೆಯ ಎಡ ಬಲ

ಪೀಣ್ಯ ಎರಡನೇ ಹಂತದ ಆ ಕಾರ್ಖಾನೆಯಲ್ಲಿ ಅಮರೇಶನ ಮೇಜು ದಾಟದೆ ಒಂದು ಬಿಡಿಭಾಗವೂ ಹೊರಗೆ ಹೋಗುವಂತಿರಲಿಲ್ಲ. ಹದಿನಾರು ವರ್ಷದಿಂದ ಅವನ ಕೆಲಸ ಒಂದೇ: ಬಂದದ್ದನ್ನು ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಕೆಂಪು ಪೆನ್ನಿನಿಂದ ಸುತ್ತು ಹಾಕಿ ರಿಜೆಕ್ಟ್ ಡಬ್ಬಕ್ಕೆ ಹಾಕುವುದು. ಗದಗಿನಿಂದ ಬಂದ ಹೊಸತರಲ್ಲಿ ಈ ಕಣ್ಣು ಅವನಿಗಿರಲಿಲ್ಲ, ಕಂಪನಿ ಕೊಟ್ಟದ್ದು. ಕೊಟ್ಟ ಕಂಪನಿ ಸಂಜೆ ಗೇಟಿನಲ್ಲಿ ಅದನ್ನು ವಾಪಸು ಇಸಿದುಕೊಳ್ಳಬೇಕಿತ್ತು. ಹಾಗಾಗದೆ ಅದು ಮನೆಗೂ ಬರುತ್ತಿತ್ತು. ರೊಟ್ಟಿ ದುಂಡಗಿಲ್ಲ, ಕ್ಯಾಲೆಂಡರು ಓರೆಯಾಗಿದೆ, ಪರದೆ ಒಂದು ಕಡೆ ಗಿಡ್ಡವಾಗಿದೆ. ಹೆಂಡತಿ ಉಮಾಶ್ರೀ ಇದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವುದನ್ನು ಕಲಿತಿದ್ದಳು. ಮಗಳಿಗೆ ಅದು ಬರುತ್ತಿರಲಿಲ್ಲ.

ಮಗಳು ರಕ್ಷಿತಾ ಆರನೇ ತರಗತಿ. ಅವರ ಬಾಡಿಗೆ ಮನೆಯ ಪಕ್ಕದಲ್ಲೇ ಓನರ್ ಹನುಮಂತರಾಯಪ್ಪನವರ ದೊಡ್ಡ ಬೇವಿನ ಮರವಿತ್ತು, ಕೊಂಬೆಗಳು ಮಹಡಿಯ ಮೋಟುಗೋಡೆ ದಾಟಿ ಒಳಗೆ ಚಾಚಿದ್ದವು. ಸಂಕ್ರಾಂತಿ ಕಳೆದ ಭಾನುವಾರ ಆ ಹುಡುಗಿ ಮಹಡಿಯಲ್ಲಿ ಎರಡು ಗಂಟೆ ಅಲುಗಾಡದೆ ಕುಳಿತು ಚಿತ್ರದ ಪುಸ್ತಕದಲ್ಲಿ ಬೇವಿನ ಒಂದು ಎಸಳನ್ನು ಎಲೆಗಳ ಸಮೇತ ಬರೆದಳು. ಬರೆದು ಓಡಿಬಂದು ಅಪ್ಪನಿಗೆ ತೋರಿಸಿದಳು. ಅಪ್ಪ ಹೆಮ್ಮೆಯಿಂದಲೇ ತೆಗೆದುಕೊಂಡ. ಮಗಳು ಇನ್ನೂ ಚೆನ್ನಾಗಿ ಬರೆಯಲಿ ಎಂಬ ಆಸೆಯಿಂದಲೇ ಜೇಬಿನಿಂದ ಕೆಂಪು ಪೆನ್ನು ತೆಗೆದ.

"ಎಡಕ ಬಲಕ ಸಮ ಇಲ್ಲ ನೋಡವ್ವಾ," ಎಂದು ಮೊದಲ ಎಲೆಗೆ ಸುತ್ತು ಹಾಕಿದ. "ಈ ಜೋಡಿ ಎರಡೂ ಒಂದ ಕಡೆ ಹುಟ್ಟಬೇಕು, ಒಂದು ಮ್ಯಾಲೆ ಒಂದು ಕೆಳಗ ಆಗೇತಿ. ತುದಿಗೆ ಒಂದು ಎಲಿ ಹಾಕೂದನ್ನ ಮರತೀ." ಒಟ್ಟು ಹನ್ನೊಂದು ಸುತ್ತು. ಸಾಲದ್ದಕ್ಕೆ ಸ್ಕೇಲ್ ಹಿಡಿದು, ನಡುವೆ ಗೆರೆ ಎಳೆದು, ಎಲೆ ಹೇಗಿರಬೇಕೆಂದು ಪಕ್ಕದಲ್ಲೇ ಒಂದು ಬರೆದೂ ತೋರಿಸಿದ.

ರಕ್ಷಿತಾ ತಲೆಯಾಡಿಸಿ ಪುಸ್ತಕ ಮುಚ್ಚಿದಳು. ಮತ್ತೆ ಅದನ್ನು ತೆರೆಯಲಿಲ್ಲ.

ಎಲ್ಲರ ತಪ್ಪೂ ಕಾಣುವ ಅಮರೇಶನಿಗೆ ಇದು ಕಾಣಲು ಶಿವರಾತ್ರಿ ಕಳೆಯಬೇಕಾಯಿತು. ಅದೂ ಉಮಾಶ್ರೀ ಹೇಳಿದ ಮೇಲೆ. "ಬಣ್ಣದ ಡಬ್ಬಿ ಕೆಳಗಿನ ಮನಿ ಹುಡುಗಿಗೆ ಕೊಟ್ಟಬಿಟ್ಟಾಳ್ರಿ ಆಕಿ. ನೀವ ಒಂದು ಮಾತು ಕೇಳ್ರಿ."

ಕೇಳಿದ. "ಯಾಕವ್ವಾ, ಚಿತ್ರಾ ತೆಗಿಯೂದು ಬಿಟ್ಟೀ?"

"ನಂಗೆ ಬರಲ್ಲ ಅಪ್ಪ," ಎಂದಳು ರಕ್ಷಿತಾ. ಅಳಲಿಲ್ಲ, ಮುನಿಸೂ ಇರಲಿಲ್ಲ. ಮಗ್ಗಿ ಒಪ್ಪಿಸುವಂತೆ ಹೇಳಿ ಹೋಂವರ್ಕಿಗೆ ಕುಳಿತಳು. ನಡೆಯಲು ಬರುವ ಮೊದಲೇ ಗೋಡೆ ತುಂಬ ಗೀಚಿದ್ದ ಮಗು ಅದು. ಹೇಗಾದರೂ ಮಾಡಿ ಅವಳ ಕೈಗೆ ಮತ್ತೆ ಪೆನ್ಸಿಲು ಬರಬೇಕು ಎಂದುಕೊಂಡ ಅಮರೇಶ.

ಉಪಾಯವೂ ಅವನ ಜಾಡಿನಲ್ಲೇ ಹೊಳೆಯಿತು. ತಾನೇ ಒಂದು ಅಚ್ಚುಕಟ್ಟಾದ ಎಲೆ ಬರೆದು, ಇಷ್ಟೇ ನೋಡು ಎಂದು ತೋರಿಸಿದರೆ ಮಗಳಿಗೆ ಧೈರ್ಯ ಬರುತ್ತದಂತೆ! ಮರುದಿನ ಶಿಫ್ಟಿಗೆ ಹೊರಡುವ ಮೊದಲು ಮಹಡಿ ಹತ್ತಿ ಒಂದು ಎಲೆ ಕಿತ್ತ. ತೆಳು ಕಾಗದದ ಮೇಲೆ ಅರ್ಧ ಎಲೆ ಬರೆದು, ಕಾಗದ ಮಡಚಿ ಉಳಿದರ್ಧ ಮೂಡಿಸಿ, ಅದನ್ನು ನಿಜವಾದ ಎಲೆಯ ಮೇಲಿಟ್ಟ. ಕೂಡಲಿಲ್ಲ. ಈ ಎಲೆಯೇ ಸರಿಯಿಲ್ಲವೆಂದು ಇನ್ನೊಂದು ಕಿತ್ತ. ಅದೂ ಕೂಡಲಿಲ್ಲ. ಅರ್ಧ ಗಂಟೆಯಲ್ಲಿ ಮೋಟುಗೋಡೆಯ ಮೇಲೆ ನಲವತ್ತು ಎಲೆ ಸಾಲಾಗಿ ಮಲಗಿದ್ದವು, ನಲವತ್ತೂ ರಿಜೆಕ್ಟ್.

ನೀರಿನ ಟ್ಯಾಂಕ್ ನೋಡಲು ಬಂದ ಹನುಮಂತರಾಯಪ್ಪನವರು ನಿಂತುಬಿಟ್ಟರು. "ಏನ್ ಸಾರ್, ಎಲೆಗೆಲ್ಲಾ ಪರೇಡ್ ಮಾಡಿಸ್ತಾ ಇದ್ದೀರಾ?"

"ಒಂದೂ ಸರಿ ಇಲ್ರಿ. ಎಲ್ಲಾದ್ರದೂ ಒಂದು ಮಗ್ಗಲ ಅಗಲ, ಒಂದು ಮಗ್ಗಲ ಸಣ್ಣದು."

"ಬೇವು ಅಂದ್ರೆ ಅಂಗೇ ಅಲ್ವಾ ಸಾರ್? ನಮ್ಮಪ್ಪ ಹಾಕಿದ್ ಮರ ಇದು. ಹುಟ್ದಾಗಿಂದ ನೋಡ್ತಾ ಇವ್ನಿ, ಇಂಗೇ ಬಿಡ್ತದೆ," ಎಂದು ಅವರು ಟ್ಯಾಂಕಿಗೆ ಇಣುಕಿ ಕೆಳಗಿಳಿದರು.

ಕಾರ್ಖಾನೆಯಲ್ಲಿ ಸಾಲಾಗಿ ನಲವತ್ತು ಪೀಸು ರಿಜೆಕ್ಟ್ ಆದರೆ ಯಾರೂ ಪೀಸನ್ನು ಬೈಯುವುದಿಲ್ಲ. ಮೊದಲು ಅಳೆಯುವ ಗೇಜನ್ನೇ ಪರೀಕ್ಷೆಗೆ ಕಳಿಸುತ್ತಾರೆ. ಹೊಸದಾಗಿ ಸೇರಿದವರಿಗೆ ಅಮರೇಶನೇ ಹೇಳಿಕೊಡುವ ಮೊದಲ ಪಾಠ ಅದು. ಅವನು ಸ್ಕೇಲು ಕೆಳಗಿಟ್ಟ.

ಅಂದಿನಿಂದ ದಿನಾ ಬೆಳಗ್ಗೆ ಅರ್ಧ ಗಂಟೆ ಮಹಡಿಯಲ್ಲಿ ಕುಳಿತ. ಮೊದಲ ನಾಲ್ಕು ದಿನ ಕೈ ಕಣ್ಣಿಗಿಂತ ಮುಂದೆ ಓಡಿತು, ನೋಡುವ ಮೊದಲೇ ಗೆರೆ ಎಳೆದಾಗಿರುತ್ತಿತ್ತು. ಐದನೇ ದಿನ ಪೆನ್ಸಿಲು ಮುಟ್ಟದೆ ಸುಮ್ಮನೆ ಕುಳಿತ. ಆಗ ಒಂದೊಂದೇ ಕಾಣತೊಡಗಿತು. ಎಲೆ ಕುಡುಗೋಲಿನ ಹಾಗೆ ಬಾಗಿದೆ. ತೊಟ್ಟಿನ ಹತ್ತಿರ ಒಂದು ಮಗ್ಗಲು ಬೇಗ ಶುರುವಾಗುತ್ತದೆ, ಇನ್ನೊಂದು ತುಸು ತಡೆದು. ಚಿಗುರು ಹಸಿರಲ್ಲ, ತಾಮ್ರದ ತಂಬಿಗೆಯ ಬಣ್ಣ. ರಸ್ತೆ ಕಡೆಯ ಎಲೆಗಳ ಮೇಲೆ ಫ್ಯಾಕ್ಟರಿಗಳ ಬೂದು ಧೂಳು ಕೂತಿತ್ತು. ಒಂದು ಸಂಜೆ ಮಳೆ ಬಿದ್ದ ಮರುದಿನ ನೋಡಿದರೆ ಅದು ಬೇರೆಯೇ ಮರ. ಏಳು ವರ್ಷದಿಂದ ಈ ಮನೆಯಲ್ಲಿದ್ದೂ, ಬಟ್ಟೆ ಒಣಹಾಕಲು ಕೊಂಬೆ ಸರಿಸಿದ್ದು ಬಿಟ್ಟರೆ, ಅವನು ಈ ಮರವನ್ನು ನೋಡಿರಲೇ ಇಲ್ಲ. ಅಳತೆ ಹಾಕುವಾಗ ಇರಬೇಕಾದದ್ದನ್ನೇ ಹುಡುಕುತ್ತಿದ್ದ, ಈಗ ಇದ್ದದ್ದು ತಾನಾಗಿ ಎದುರಿಗೆ ಬರುತ್ತಿತ್ತು. ನಾಚಿಕೆಯಾಯಿತು, ಜೊತೆಗೆ ಎಂದೂ ಇಲ್ಲದ ಖುಷಿಯೂ ಆಯಿತು. ಕಾರ್ಖಾನೆಯ ಮೇಜಿನಲ್ಲೂ ಆ ಖುಷಿ ಮಧ್ಯಾಹ್ನದವರೆಗೆ ಉಳಿಯುತ್ತಿತ್ತು.

ಮೂರನೇ ವಾರದ ಹೊತ್ತಿಗೆ ಅವನ ಹಾಳೆಯ ಮೇಲೆ ಒಂದು ಎಸಳು ಬೇವು ಮೂಡಿತ್ತು. ಭಾನುವಾರ ಬೆಳಗ್ಗೆ ಅದನ್ನು ಕೈಯಲ್ಲಿ ಹಿಡಿದು ಕಪಾಟಿನಿಂದ ಮಗಳ ಪುಸ್ತಕ ತೆಗೆದ. ಕೆಂಪು ಸುತ್ತುಗಳನ್ನು ಒಂದೊಂದಾಗಿ ನೋಡಿದ. ಅಗಲವಾದ ಮಗ್ಗಲು ಎಲ್ಲಿ ಬರಬೇಕೋ ಅಲ್ಲೇ ಬಂದಿತ್ತು. ಜೋಡಿ ಎಲೆಗಳು ಮರದಲ್ಲಿ ಹೇಗೆ ತುಸು ಮೇಲೆ ಕೆಳಗೆ ಹುಟ್ಟುತ್ತವೋ ಹಾಗೇ ಹುಟ್ಟಿದ್ದವು. ತುದಿಯ ಎಲೆ ಇಲ್ಲದ ಎಸಳುಗಳು ಕೊಂಬೆಯಲ್ಲಿ ಎಷ್ಟೋ ಇದ್ದವು. ಹನ್ನೊಂದಕ್ಕೆ ಹನ್ನೊಂದೂ ಸರಿ. ತಾನು ಮೂರು ವಾರ ಒದ್ದಾಡಿ ಕಂಡದ್ದನ್ನು ಈ ಹುಡುಗಿ ಎರಡು ಗಂಟೆಯಲ್ಲಿ ಕಂಡಿದ್ದಳು, ಮತ್ತು ಅವಳು ಸರಿಯಾಗಿ ಕಂಡ ಕಡೆಯೆಲ್ಲ ಅಪ್ಪನ ಸುತ್ತು ಬಿದ್ದಿತ್ತು.

ರಕ್ಷಿತಾ ಮಹಡಿಯಲ್ಲಿ ಕೂದಲು ಒಣಗಿಸುತ್ತ ಕುಳಿತಿದ್ದಳು. ಅಮರೇಶ ಹೋಗಿ ಪುಸ್ತಕವನ್ನು ಅವಳ ಮುಂದಿಟ್ಟ.

"ತಪ್ಪು ನಂದವ್ವಾ. ನೀ ತೆಗೆದದ್ದ ಖರೇ. ಅವತ್ತ ಯಾಕ ಹೇಳಲಿಲ್ಲ ನೀ?"

ಅವಳು ಪುಸ್ತಕ ಮುಟ್ಟಲಿಲ್ಲ. "ನೀವು ಎಲೆ ನೋಡಿ ಹೇಳ್ತಿದ್ದೀರ ಅನ್ಕೊಂಡೆ ಅಪ್ಪ. ಅದಕ್ಕೆ ನನ್ ಕಣ್ಣಿಗೇ ಸರಿಯಾಗಿ ಕಾಣ್ತಿಲ್ಲ ಅನ್ಕೊಂಡೆ."

ಎರಡು ತಿಂಗಳಿಂದ ಮಗಳು ತನ್ನ ಕಣ್ಣನ್ನೇ ನಂಬದೆ ಓಡಾಡಿದ್ದಳು.

"ನಾ ನೋಡಿರಲಿಲ್ಲವ್ವಾ," ಎಂದ. "ಮರದ ಕಡೆ ತಿರುಗಿ ಸೈತ ನೋಡಿರಲಿಲ್ಲ."

ಅವಳು ಅವನ ಕೈಯಲ್ಲಿದ್ದ ಹಾಳೆಯನ್ನು ತೆಗೆದುಕೊಂಡಳು. ಮರವನ್ನೊಮ್ಮೆ, ಹಾಳೆಯನ್ನೊಮ್ಮೆ ನೋಡಿದಳು. ಕೆಳಗಿನಿಂದ ಮೂರನೇ ಎಲೆಯ ಮೇಲೆ ಬೆರಳಿಟ್ಟಳು.

"ಇದೊಂದು ನೀವು ನೋಡಿ ಬರ್ದಿಲ್ಲ."

ನಿಜ. ಶಿಫ್ಟಿಗೆ ಹೊತ್ತಾಯಿತೆಂದು ಆ ಒಂದು ಎಲೆಯನ್ನು ಅವನು ತಲೆ ಎತ್ತದೆ ಬರೆದು ಮುಗಿಸಿದ್ದ. "ಹೌದವ್ವಾ," ಎಂದು ಜೇಬಿನಲ್ಲಿದ್ದ ಪೆನ್ಸಿಲನ್ನು ಅವಳ ಕೈಗೆ ಕೊಟ್ಟ.