ಹನ್ನೆರಡು ಗಂಟೆಯ ನೀರು

“ಉಂಡು ಮಲಗೋದು, ಎದ್ದು ನೀರು ಸಾಲಲ್ಲ ಅಂತ ಬಾಯಿ ಬಡ್ಕೊಳ್ಳೋದು. ಈ ಕೊನೇ ಹೊಲದ ಮುಂಡೇವಕ್ಕೆ ಸಮುದ್ರಾನೇ ತಂದು ಸುರಿದ್ರೂ ಬೆಳೆಯೋ ಯೋಗ್ಯತೆ ಇಲ್ಲ. ಬರ್ಕೊಳ್ಳಿ ಸಾಹೇಬ್ರೆ.”

ಧಣಿ ಜಗಲಿಯ ಕುರ್ಚಿಯಲ್ಲಿ ಕಾಲು ನೀಡಿ ಕೂತಿದ್ದ. ಪಕ್ಕದಲ್ಲಿ ಸರ್ವೆ ಸಾಹೇಬ ತೊಡೆಯ ಮೇಲೆ ಫಾರಂ ಹರಡಿಕೊಂಡಿದ್ದ. ಕಾಲುವೆ ನೀರಿನಲ್ಲಿ ಸಣ್ಣ ರೈತರು ಎಷ್ಟು ದಕ್ಷವಾಗಿ ಬೆಳೆಯುತ್ತಾರೆ ಎಂದು ಅಳೆಯಲು ಸರ್ಕಾರ ಅವನನ್ನು ಕಳಿಸಿತ್ತು. ಅಳೆಯಲು ಬಂದವನು ಹೊಲಕ್ಕೆ ಕಾಲಿಟ್ಟಿರಲಿಲ್ಲ. ಅತ್ತೆಯೂ ನಾನೂ ಅಂಗಳದ ಬಿಸಿಲಲ್ಲಿ ನಿಂತಿದ್ದೆವು.

“ಎಷ್ಟು ಎಕರೆ?”

“ಒಂದು,” ಎಂದಳು ಅತ್ತೆ.

“ಮೆಕ್ಕೆಜೋಳ ಎಷ್ಟು ಚೀಲ?”

“ಹನ್ನೆರಡು.”

ಧಣಿ ಕಿಸಕ್ಕೆಂದ. “ನನ್ನದು ಎಕರೆಗೆ ಇಪ್ಪತ್ತೈದು.”

“ವಾರಕ್ಕೆ ಎಷ್ಟು ಗಂಟೆ ನೀರು?”

“ಎರಡು.”

ಸಾಹೇಬ ತಲೆಯೆತ್ತಿದ. “ಪಾಳಿ ಪಟ್ಟೀಲಿ ಎಲ್ಲರಿಗೂ ಎಕರೆಗೆ ಹನ್ನೆರಡು ಗಂಟೆ ಅಂತಿದೆಯಲ್ಲ?”

“ಪಟ್ಟೀಲಿ ಇದೆ, ಹೊಲಕ್ಕೆ ಬರಲ್ಲ. ನಮ್ಮ ಪಾಳಿ ಇರೋ ದಿನದಲ್ಲೂ ಧಣಿಗಳ ತೂಬು ಬಾಯಿ ತೆಕ್ಕೊಂಡೇ ಇರ್ತದೆ. ಅವರ ಹೊಲ ಕುಡಿದು ತೇಗಿದ ಮೇಲೆ ಮಿಕ್ಕಿದ್ದು ನಮಗೆ. ಬೆಳಗ್ಗೆ ಆರಕ್ಕೆ ಬಿಟ್ಟ ನೀರು ನಮ್ಮ ಬದು ಮುಟ್ಟೋದು ಸಂಜೆ ನಾಲ್ಕಕ್ಕೆ. ಆರಕ್ಕೆ ಬಂದ್. ನಡೀರಿ, ತೋರಿಸ್ತೀನಿ.”

ಧಣಿ ನೀರಗಂಟಿಯನ್ನು ಕೂಗಿದ. ಕಾಲುವೆಯ ಗೇಟು ತೆಗೆದು ಮುಚ್ಚುವ ಆ ಬಡಪಾಯಿ ಹೆಗಲ ವಸ್ತ್ರ ಕೈಗೆ ತೆಗೆದುಕೊಂಡು ಬಂದು ನಿಂತ.

“ಹೇಳೋ, ಇವಳ ಪಾಳಿ ಎಷ್ಟು?”

“ಹನ್ನೆರಡು ಗಂಟೆ, ಧಣಿ.”

ಸುಳ್ಳೇನಲ್ಲ. ಪಾಳಿ ಹನ್ನೆರಡೇ.

“ಹೊಲಕ್ಕೆ ಬಂದ ನೀರು ಬರೆಯೋಕೆ ಫಾರಂನಲ್ಲಿ ಕಾಲಂ ಇಲ್ಲಮ್ಮ,” ಎಂದು ಸಾಹೇಬ ಹನ್ನೆರಡು ಬರೆದುಕೊಂಡ. “ಹೆಬ್ಬೆಟ್ಟು ಒತ್ತು.”

“ಒತ್ತಲ್ಲ.”

“ಒತ್ತದಿದ್ರೂ ನಡೀತದೆ.”

ಒಳಗಿನಿಂದ ಊಟಕ್ಕೆ ಕರೆ ಬಂತು. ಇಬ್ಬರೂ ಎದ್ದು ಹೋದರು.

ಆ ಎರಡು ಗಂಟೆಯ ನೀರಿನಲ್ಲಿ ಅತ್ತೆ ಎಕರೆ ಹೊಲ ನೆನೆಸುತ್ತಿದ್ದಳು. ನೀರು ಸಾಲಿನ ಮುಕ್ಕಾಲು ಮುಟ್ಟುತ್ತಿದ್ದಂತೆ ಹಿಮ್ಮಡಿಯಿಂದ ಮಣ್ಣು ತಳ್ಳಿ ಬಾಯಿ ಮುಚ್ಚುವಳು, ಉಳಿದ ಕಾಲು ಭಾಗವನ್ನು ನೀರು ತನ್ನ ಓಟದಲ್ಲೇ ಮುಟ್ಟಿಕೊಳ್ಳುತ್ತಿತ್ತು. ಒಂದು ವಾರ ಸರಿ ಸಾಲು, ಮುಂದಿನ ವಾರ ಬೆಸ ಸಾಲು. ಬುಡಕ್ಕೆಲ್ಲ ಒಣ ಎಲೆಯ ರವದಿ ಹಾಸಿ ತೇವ ಹಿಡಿದಿಡುವುದು. ಮದುವೆಯಾಗಿ ಬಂದ ವರ್ಷ ನಾನೊಂದು ಸಾಲು ತುಂಬಿ ಹರಿಯಬಿಟ್ಟಿದ್ದಕ್ಕೆ, “ಹಾಲು ಉಕ್ಕಿಸಿದ್ರೂ ಬಿಡ್ತೀನಿ, ನೀರು ಉಕ್ಕಿಸಿದ್ರೆ ನಿನ್ನ ತವರಿಗೆ ಅಟ್ತೀನಿ” ಎಂದಿದ್ದಳು. ನನ್ನ ಗಂಡ ಅವಳಿಂದಲೇ ಕಲಿತವನು. ಅವನು ಧಣಿಯ ಹೊಲದಲ್ಲಿ ಕೂಲಿಗೆ ನೀರು ಹಾಯಿಸುತ್ತಿದ್ದ. ಧಣಿ ಕೊಚ್ಚಿಕೊಂಡ ಇಪ್ಪತ್ತೈದು ಚೀಲಕ್ಕೂ ಅತ್ತೆ ಕಲಿಸಿದ ಕೈಯೇ ದುಡಿದಿತ್ತು.

ತಿಂಗಳು ಕಳೆಯಿತು. ಜೋಳದ ತುದಿಯಲ್ಲಿ ಸೂಲಂಗಿ ಹೂ ಒಡೆಯುತ್ತಿತ್ತು. ಆ ವಾರ ನೀರು ತಪ್ಪಿದರೆ ತೆನೆ ಕಾಳು ಕಟ್ಟುವುದಿಲ್ಲ. ನಮ್ಮ ಪಾಳಿಯ ದಿನ ಬೆಳಗ್ಗೆ ಎಷ್ಟು ಹೊತ್ತಾದರೂ ನೀರಗಂಟಿ ಸುಳಿಯಲಿಲ್ಲ. ಕೇಳೋಣವೆಂದು ನೀರಿನ ಸಂಘದ ಆಫೀಸಿಗೆ ಹೋದೆವು. ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು. ಹತ್ತನೇ ಕ್ಲಾಸು ಓದಿದವಳು ನಾನೊಬ್ಬಳೇ, ಓದಿದೆ. ಕಾಲುವೆಯ ಕೊನೆಯ ಹನ್ನೊಂದು ಹೊಲದವರು ಅದಕ್ಷ ಬಳಕೆದಾರರು. ಇನ್ನು ಅವರಿಗೆ ಎರಡು ವಾರಕ್ಕೊಂದು ಪಾಳಿ. ಉಳಿದ ನೀರು ದಕ್ಷವಾಗಿ ಬೆಳೆಯುವವರಿಗೆ. ಆ ಪಟ್ಟಿಯಲ್ಲಿದ್ದುದು ಧಣಿಯೊಬ್ಬನೇ.

“ಅದಕ್ಷ ಅಂದ್ರೇನೇ?”

“ಕೈಲಾಗದವರು ಅಂತ, ಅತ್ತೆ.”

“ನನ್ನ ಅತ್ತೆ ಆ ಮುದುಕಿ ನನಗೆ ಅನ್ನದ ಮಾತೇ ಇರಲಿಲ್ಲ. ಅವಳೂ ಇದೊಂದು ಅಂದಿರಲಿಲ್ಲ,” ಎಂದವಳೇ ಬಾಗಿಲು ತಳ್ಳಿದಳು.

ಒಳಗೆ ಸಂಘದ ಅಧ್ಯಕ್ಷನ ಕುರ್ಚಿಯಲ್ಲಿ ಧಣಿ. ಎದುರಿಗೆ ಸರ್ವೆ ಸಾಹೇಬ, ಟೀ ಹೀರುತ್ತಿದ್ದ.

“ಸಾಹೇಬ್ರೆ, ಇವರು ಕುಡಿದ ನೀರಲ್ಲಿ ಆರನೇ ಒಂದು ಪಾಲು ನನ್ನ ಹೊಲಕ್ಕೆ ಬಂತು. ಬೆಳೆ ಮಾತ್ರ ಇವರದ್ದರ ಅರ್ಧದಷ್ಟು ತೆಗೆದೆ. ಈಗ ಹೇಳಿ, ಕೈಲಾಗದವರು ಯಾರು?”

ಸಾಹೇಬನ ಟೀ ಲೋಟ ತುಟಿಯ ಹತ್ತಿರವೇ ನಿಂತಿತು. ಅವನಿಗೆ ಲೆಕ್ಕ ಅರ್ಥವಾಯಿತು. ಅದು ಅವನ ಮುಖದಲ್ಲೇ ಕಂಡಿತು.

“ವರದಿ ಮೇಲಕ್ಕೆ ಹೋಗಿದೆಯಮ್ಮ,” ಎಂದ, ಮೆಲ್ಲಗೆ.

ಧಣಿ ಮೇಜಿನ ಮೇಲಿದ್ದ ಲೋಟ ಎತ್ತಿದ. ತಾನು ಕುಡಿದು ಬಿಟ್ಟ ಎಂಜಲು ನೀರನ್ನು ಅತ್ತೆಯ ಪಾದದ ಮೇಲೆ ಸುರಿದ.

“ತಗೊಳ್ಳೇ, ನೀರು. ದಕ್ಷವಾಗಿ ಬಳಸ್ಕೋ ಹೋಗು.”

ಸಾಹೇಬ ಕಿಟಕಿಯಾಚೆ ನೋಡಿದ. ಅತ್ತೆ ತನ್ನ ಒದ್ದೆ ಪಾದ ನೋಡಿಕೊಂಡಳು. ಹೊರಬಂದು ಕಾಲುವೆಯ ಕಡೆ ನಡೆದಳು. ನಾನು ಓಡಿದರೂ ಅವಳ ಕಾಲಿಗೆ ಸಮವಾಗಲಿಲ್ಲ.

ಧಣಿಯ ಹೊಲದ ಎರಡು ತೂಬುಗಳೂ ಗಟಗಟ ಕುಡಿಯುತ್ತಿದ್ದವು. ಅತ್ತೆ ಸೆರಗು ಬಿಗಿದು ಕಾಲುವೆಗೆ ಇಳಿದಳು. ಮೇಲಿನ ತೂಬಿನ ಬಾಯಿಗೆ ಬೆನ್ನು ಕೊಟ್ಟು ಕುಕ್ಕರಿಸಿದಳು. ನೀರು ಅವಳ ಎದೆಮಟ್ಟ ಬಂತು.

“ನಿಂತ್ಕೊಂಡು ಏನು ನೋಡ್ತೀಯೇ? ಇನ್ನೊಂದಿದೆಯಲ್ಲ.”

ಇಳಿದೆ. ತೂಬು ನನ್ನ ಬೆನ್ನನ್ನು ಕಚ್ಚಿ ಎಳೆಯಿತು. ತಣ್ಣಗಿನ ನೀರು ನಮ್ಮಿಬ್ಬರ ಎದುರು ದಿಕ್ಕು ಬದಲಿಸಿ ಕೆಳಕ್ಕೆ ಹೊರಟಿತು.

ನೀರಗಂಟಿ ಓಡಿ ಬಂದ. “ಏಳಮ್ಮಾ, ನನ್ನ ಕೆಲಸ ಹೋಗ್ತದೆ.”

“ಹೋಗ್ಲಿ ಬಿಡೋ. ಅದೂ ಒಂದು ಕೆಲಸಾನಾ?”

ಧಣಿ ಬಂದ. ಕೂಲಿಯವರು ಬದುವಿನ ಮೇಲೆ ಗುಂಪಾದರು. ಗುದ್ದಲಿ ಹಿಡಿದ ನನ್ನ ಗಂಡನೂ ಅವರಲ್ಲಿದ್ದ.

“ಲೋ ಬೋಳಿಮಗನೆ, ನಿನ್ನವ್ವನ್ನ ಎಳೆದು ಹಾಕೋ! ಹೆಂಡ್ತೀನೂ ಎಳಿ! ಇಲ್ಲಾಂದ್ರೆ ನಾಳೆಯಿಂದ ಈ ಹೊಲ ತುಳೀಬೇಡ.”

ಅವನು ಅಲ್ಲಾಡಲಿಲ್ಲ. ಇಳಿಯಲೂ ಇಲ್ಲ, ಹೋಗಲೂ ಇಲ್ಲ. ಬಾಯಿ ಸತ್ತ ನನ್ನ ಗಂಡನ ಮೇಲೆ ನನಗೆ ಧಣಿಯ ಮೇಲಿದ್ದುದಕ್ಕಿಂತ ಹೆಚ್ಚು ಸಿಟ್ಟು ಬಂತು. ಧಣಿ ಫೋನು ಕಿವಿಗಿಟ್ಟ.

ನಾವು ನೀರಿಗಿಳಿದು ಒಂದೂವರೆ ಗಂಟೆಯಾಗಿತ್ತು. ದೂರದ ಹೊಲಗಳ ಕಡೆಯಿಂದ ಹೆಂಗಸರ ಕೂಗು ಕೇಳಿಸಿತು. “ಬಂತೂ! ನೀರು ಬಂತೂ!” ಹತ್ತು ಗಂಟೆ ಹಿಡಿಯುತ್ತಿದ್ದ ದಾರಿ. ಅತ್ತೆಯ ತುಟಿ ಕಪ್ಪಗಾಗಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. “ಯಾರಾದ್ರೂ ಸಾಲು ಕಡೀರೇ, ಉಕ್ಕಿ ಹೋಗ್ತದೆ!” ಎಂದು ಅಲ್ಲಿಂದಲೇ ಅರಚಿದಳು.

ಜೀಪು ಬಂತು. ಇಬ್ಬರು ಪೊಲೀಸರು ಪ್ಯಾಂಟು ಮಡಚಿ ಇಳಿದು ಅವಳ ರಟ್ಟೆ ಹಿಡಿದರು. ತೂಬು ಬಿಡಲಿಲ್ಲ.

“ಎಳೀರೋ, ಎಳೀರಿ! ಇಷ್ಟು ಹೊತ್ತು ನಿಮ್ಮ ಧಣಿಯ ತೂಬು ಎಳೀತಿತ್ತು, ಈಗ ನೀವೂ ಎಳೀರಿ!”

ಮೂರನೇ ಸಲಕ್ಕೆ ಬೆನ್ನು ಕಿತ್ತು ಬಂತು. ರವಿಕೆ ಹರಿದು, ಬೆನ್ನ ಮೇಲೆ ತೂಬಿನಷ್ಟೇ ದುಂಡಗೆ ಕೆಂಪು ಬಾಸುಂಡೆ ಎದ್ದಿತ್ತು. ಅವಳನ್ನು ದಡಕ್ಕೆಳೆದರು. ತೂಬು ಗಳಕ್ಕನೆ ಬಾಯಿ ತೆರೆದು ಮತ್ತೆ ಕುಡಿಯತೊಡಗಿತು.

ಆಗ ನನ್ನ ಗಂಡ ಗುದ್ದಲಿ ಬದುವಿನ ಮೇಲೆ ಮಲಗಿಸಿದ. ಅಂಗಿ ಕಳಚಿದ. ಪೊಲೀಸರು ಅತ್ತ ತಿರುಗುವಷ್ಟರಲ್ಲಿ ನೀರಿಗೆ ಇಳಿದು, ಧಣಿಯ ಮುಖವನ್ನೇ ನೋಡುತ್ತ, ಆ ಬಾಯಿಗೆ ಬರಿಬೆನ್ನು ಕೊಟ್ಟು ಕೂತ.