ಲಂಗರು ಹೋದರೆ ಹೋಗಲಿ

ಲಂಗರು ಸಮುದ್ರದ ತಳದಲ್ಲಿ ಸಿಕ್ಕಿಕೊಂಡರೆ ಮೀನುಗಾರನ ಅರ್ಧ ದಿನ ಹಾಳು. ಅಂದು ಬೆಳಿಗ್ಗೆ ದ್ವೀಪದ ಹಿರಿಯ ಮೀನುಗಾರನ ಬೋಟಿಗೂ ಅದೇ ಗತಿ ಬಂತು. ಅಪ್ಪ, ಮಗ ಇಬ್ಬರೂ ಬೆವರು ಸುರಿಸಿ ಎಳೆದರು. ಕೊನೆಗೆ ಲಂಗರೇನೋ ಮೇಲೆ ಬಂತು. ಆದರೆ ಅದರ ಕೊಕ್ಕೆಯಲ್ಲಿ ತೋಳು ದಪ್ಪದ ಕರಿ ಹಗ್ಗವೊಂದು ಸಿಕ್ಕಿಕೊಂಡಿತ್ತು.

"ಕೊಡಲಿ ತಾ, ಕಡಿದು ಹಾಕ್ತೀನಿ" ಎಂದ ಹಿರಿಯ.

"ತಡೀಯಪ್ಪಾ, ಅವಳನ್ನ ಒಂದು ಮಾತು ಕೇಳೋಣ" ಎಂದು ಮಗ ಹೆಂಡತಿಗೆ ಫೋನು ಹಚ್ಚಿ ವಿಷಯ ಹೇಳಿದ. ಅವಳು ದ್ವೀಪದ ಆಸ್ಪತ್ರೆಯ ನರ್ಸು.

"ಹೌದೌದು! ಐವತ್ತು ವರ್ಷ ಉಪ್ಪುನೀರು ಕುಡಿದ ನನಗೇನು ಗೊತ್ತು? ಸೂಜಿ ಚುಚ್ಚೋಳಿಗೇ ಎಲ್ಲಾ ಗೊತ್ತು!" ಎಂದು ಗೊಣಗುತ್ತಲೇ ಹಿರಿಯ ಫೋನು ಕಿತ್ತುಕೊಂಡ.

"ಮಾವಾ, ದಮ್ಮಯ್ಯ ಅಂತೀನಿ, ಕಡೀಬೇಡಿ! ಅದು ಹಗ್ಗ ಅಲ್ಲ, ಕೇಬಲ್ಲು. ನಮ್ಮ ಊರಿಗೆ ಫೋನು, ಇಂಟರ್ನೆಟ್ಟು ಬರೋದೇ ಅದರೊಳಗೆ."

"ಯಾರ ಕಿವಿಗೆ ಹೂವು ಇಡ್ತೀಯಮ್ಮ? ಫೋನು ಬರೋದು ಗಾಳೀಲಿ."

"ಟವರಿಂದ ನಿಮ್ಮ ಕೈವರೆಗೆ ಗಾಳೀಲಿ. ಆಚೆ ದಡದಿಂದ ಟವರಿನವರೆಗೆ ಸಮುದ್ರದ ತಳದಲ್ಲಿ! ಅದರಲ್ಲಿ ಕರೆಂಟೂ ಇರಬಹುದು, ನಿಮ್ಮ ಜೀವಕ್ಕೇ ಅಪಾಯ." ಅವಳ ದನಿ ತಗ್ಗಿತು. "ನಿಮ್ಮ ಗೆಳೆಯ ಬಡಗಿಯಣ್ಣ ಎದೆನೋವು ಅಂತ ಇಲ್ಲಿ ಮಲಗಿದಾರೆ. ಯಾವ ಔಷಧಿ ಎಷ್ಟು ಕೊಡ್ಬೇಕು ಅಂತ ದೊಡ್ಡ ಡಾಕ್ಟ್ರು ಪಟ್ಟಣದಿಂದ ಪರದೆ ಮೇಲೆ ಹೇಳ್ತಿದಾರೆ. ಈಗ ಕೇಬಲ್ಲು ಕಡಿದ್ರೆ..."

ಹಿರಿಯ ಕೊಡಲಿಯನ್ನು ಕಾಲಿನಿಂದ ದೂರ ತಳ್ಳಿದ. ತನ್ನ ಬೋಟು ಕಟ್ಟಿಕೊಟ್ಟವನೇ ಆ ಬಡಗಿ. ಶಾಲೆಯಲ್ಲಿ ಒಂದೇ ಬೆಂಚಿನ ಗೆಳೆಯ.

"ಈಗೇನು ಮಾಡ್ಲಿ, ಹೇಳು ಮಗಳೇ."

"ಇನ್ನು ಎಳೀಬೇಡಿ. ಲಂಗರಿನ ಹಗ್ಗ ಕತ್ತರಿಸಿ ಬಿಡಿ. ಜಾಗ ಗುರುತು ಹಾಕ್ಕೊಂಡು ಬಂದರಿನ ಕಚೇರಿಗೆ ತಿಳಿಸಿ."

ಲಂಗರು ಹೊಸದು. ಆದರೂ ಹಿರಿಯ ಅದರ ಹಗ್ಗ ಕತ್ತರಿಸಿದ. ಲಂಗರೂ ಕೇಬಲ್ಲೂ ಒಟ್ಟಿಗೇ ಮುಳುಗಿದವು.

ಬಂದರಿಗೆ ಸುದ್ದಿ ಮುಟ್ಟಿಸಿ ಅವನು ಆಸ್ಪತ್ರೆಗೆ ಓಡಿದ. ಬಡಗಿ ದಿಂಬಿಗೆ ಒರಗಿ ಕೂತಿದ್ದ. "ಅಪಾಯ ಕಳೀತು ಮಾವಾ" ಎಂದಳು ಸೊಸೆ. ಹಿರಿಯ ಪರದೆಯ ಹತ್ತಿರ ಹೋಗಿ, ಆಚೆ ದಡಕ್ಕೆ ಕೂಗುವವನಂತೆ, "ಡಾಕ್ಟ್ರೇ, ನಿಮ್ಮ ಹೊಟ್ಟೆ ತಣ್ಣಗಿರಲಿ!" ಎಂದು ಅರಚಿದ.

"ಮೆಲ್ಲಗೆ ಯಜಮಾನ್ರೇ, ಚೆನ್ನಾಗಿ ಕೇಳಿಸ್ತಿದೆ" ಎಂದರು ಡಾಕ್ಟರು. ಬಡಗಿಯೂ ನಕ್ಕ.

ಕಡಲಿಗೆ ಇಳಿಯುವ ಅಣ್ಣಂದಿರೇ, ನಿಮ್ಮ ಬೋಟಿನ ಕೆಳಗೆ, ಮೀನು ಮರಳಿನ ನಡುವೆ, ಒಂದಿಡೀ ಊರಿನ ಮಾತು ಮಲಗಿದೆ. ಕೇಬಲ್ಲು ಎಲ್ಲೆಲ್ಲಿದೆ ಎಂದು ಬಂದರಿನಲ್ಲಿ ಮೊದಲೇ ಕೇಳಿಕೊಳ್ಳಿ. ಅಲ್ಲಿ ಲಂಗರು ಹಾಕಬೇಡಿ. ಸಿಕ್ಕಿಕೊಂಡರೆ ಎಳೆಯಬೇಡಿ, ಕೇಬಲ್ಲು ಕಡಿಯಬೇಡಿ, ಲಂಗರು ಬಿಟ್ಟು ಕೂಡಲೇ ತಿಳಿಸಿ. ಲಂಗರು ಇನ್ನೊಂದು ಸಿಗುತ್ತದೆ. ಗೆಳೆಯ ಸಿಗುತ್ತಾನೆಯೇ?